ಮೀನಿನ ಹೊಟ್ಟೆಗೆ ಪುಡಿ, ರೈತನ ಹೊಟ್ಟೆಗೆ?



ಭತ್ತ, ಕಬ್ಬು ನೆಚ್ಚಿ ಸಾಲಗಾರರಾದ ನಿಮ್ಮಲ್ಲಿ ಹಲವರು ಇಂದು ಹೊಂಡ ತೋಡಿಸಿ ಕಾಟ್ಲಾ, ರೋಹು, ಗೆಂಡೆ ಬಿಟ್ಟಿದ್ದೀರಿ. ಒಳ್ಳೆಯದೇ. ಆದರೆ ಹೊಂಡದ ದಂಡೆಗೂ ವ್ಯಾಪಾರಿ ಬಂದಾಗಿದೆ. ಈ ಸಲ ಅವನ ಕೈಲಿರೋದು 'ಪ್ರೋಬಯಾಟಿಕ್' ಎಂಬ ಪುಡಿ. "ಮೇವಿಗೆ ಬೆರೆಸಿ ಸ್ವಾಮಿ, ರೋಗವೇ ಬರಲ್ಲ" ಅಂತಾನೆ.

ಏನಿದು? ಬೇರೇನಲ್ಲ, ನಮ್ಮ ಅಡಿಗೆಮನೆಯ ಹೆಪ್ಪಿನ ಬಳಗ. ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಮುಂತಾದ ಜೀವಂತ ಸೂಕ್ಷ್ಮಾಣುಗಳು. ಮೀನಿನ ಕರುಳಿನಲ್ಲಿ ಇವು ಜಾಗ ಹಿಡಿದರೆ ರೋಗಾಣುಗಳಿಗೆ ಜಾಗವೂ ಆಹಾರವೂ ಕಡಿಮೆಯಾಗುತ್ತದೆ. ಮೇವು ಜೀರ್ಣವಾಗಲು ನೆರವಾಗುತ್ತವೆ, ಮೀನಿನ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತವೆ. ಮೈಮೇಲೆ ಹುಣ್ಣು, ಹೊಟ್ಟೆ ಉಬ್ಬರ ತರುವ ಏರೋಮೊನಾಸ್ ಎಂಬ ರೋಗಾಣುವಿನ ವಿರುದ್ಧ ಇವು ಉಪಯೋಗಕ್ಕೆ ಬಂದದ್ದು ಪ್ರಯೋಗಗಳಲ್ಲಿ ಕಂಡಿದೆ.

ಹಾಗಾದರೆ ಮೋಸವಲ್ಲ ತಾನೆ? ವಿದ್ಯೆ ಮೋಸವಲ್ಲ. ಸಿಕ್ಕಸಿಕ್ಕ ಆ್ಯಂಟಿಬಯಾಟಿಕ್ ಸುರಿದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಮೀನಿನಲ್ಲಿ ಔಷಧಿಯ ಶೇಷ ಸಿಕ್ಕರೆ ಕೊಳ್ಳುವವನು ಮಾಲು ವಾಪಸ್ ಕಳಿಸುತ್ತಾನೆ. ಬೆಳವಣಿಗೆಗೆಂದು ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ಆದ್ದರಿಂದ ಈ ದಾರಿ ಬೇಕು.

ಮೋಸ ಇರೋದು ಮಾರುವ ರೀತಿಯಲ್ಲಿ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಬಿಸಿಲಲ್ಲಿ ತಿಂಗಳುಗಟ್ಟಲೆ ಬಿದ್ದ ಪ್ಯಾಕೆಟ್ಟಿನಲ್ಲಿ ಜೀವ ಎಷ್ಟು ಉಳಿದಿದೆ ಅಂತ ಯಾರಿಗೆ ಗೊತ್ತು? ಆ್ಯಂಟಿಬಯಾಟಿಕ್ ಜೊತೆಗೇ ಕೊಟ್ಟರೆ ಇವೂ ಸಾಯುತ್ತವೆ. ಇದು ಮುಂಜಾಗ್ರತೆ, ಬಂದ ರೋಗಕ್ಕೆ ಮದ್ದಲ್ಲ. ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದಕ್ಕೆ ಬೇಕಾದ್ದು ಗಾಳಿ, ಹೊಸ ನೀರು, ಪುಡಿಯಲ್ಲ. ಮರಿ ಕಿಕ್ಕಿರಿಸಿ, ತಳದಲ್ಲಿ ಮೇವು ಕೊಳೆಯಲು ಬಿಟ್ಟವನನ್ನು ಯಾವ ಪುಡಿಯೂ ಕಾಯೋದಿಲ್ಲ.

ಇನ್ನು ಲೆಕ್ಕ. ಮೀನು ಸಾಕಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಸಾಮಾನ್ಯವಾಗಿ ಮೇವಿನದೇ. ಕಿಲೋ ಮೇವಿಗೆ 5 ಗ್ರಾಂ ಎಂದು ಚೀಟಿಯಲ್ಲಿದ್ದರೆ, ಟನ್ ಮೇವಿಗೆ 5 ಕಿಲೋ ಪುಡಿ. ಅದರ ಬೆಲೆ ಎಷ್ಟು, ಅದರಿಂದ ಉಳಿದ ಮೀನೆಷ್ಟು? ಎರಡು ಹೊಂಡವಿದ್ದರೆ ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಬಿಡಿ. ಮರಿ, ಮೇವು ಎರಡಕ್ಕೂ ಸಮ ಇರಲಿ. ಸತ್ತ ಮೀನು, ತಿಂದ ಮೇವು, ಹಿಡಿದ ತೂಕ ಬರೆದಿಡಿ. ಆ ಪುಸ್ತಕವೇ ನಿಮ್ಮ ವಿಜ್ಞಾನಿ.

ಮೇವು, ಪುಡಿ ಎರಡನ್ನೂ ಸಾಲಕ್ಕೆ ಕೊಟ್ಟವನೇ ಕೊನೆಗೆ ಮೀನಿನ ದರವನ್ನೂ ಕಟ್ಟಿದರೆ, ರೋಗ ತಪ್ಪಿದರೂ ರೈತ ಉಳಿಯೋದಿಲ್ಲ. ಆದ್ದರಿಂದ ಬಿಲ್ಲಿಲ್ಲದೆ ಪುಡಿ ಕೊಳ್ಳಬೇಡಿ. ಸೂಕ್ಷ್ಮಾಣುವಿನ ಹೆಸರು, ಗ್ರಾಮಿಗೆ ಎಷ್ಟು ಎಂಬ ಸಂಖ್ಯೆ, ಕೊನೆಯ ದಿನಾಂಕ ಇಲ್ಲದ ಪ್ಯಾಕೆಟ್ ಮುಟ್ಟಬೇಡಿ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲೇ ಮಂಗಳೂರಿನಲ್ಲಿ ಶುರುವಾದ ರಾಜ್ಯ ಇದು. ಅಂಗಡಿಯ ಪುಡಿಯನ್ನು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಹಳ್ಳಿಗೆ ಮುಟ್ಟಿಸಿ ಎಂದು ಸರ್ಕಾರವನ್ನು ಕೇಳುವುದು ಭಿಕ್ಷೆಯಲ್ಲ, ನಮ್ಮ ಹಕ್ಕು. ಒಟ್ಟಾಗಿ ಕೇಳೋಣ.