ವರ್ಕರ್‌ಗಳು ಎಷ್ಟಿದ್ದರೆ ಸಾಕು?

ಪಹಣಿ ತೆಗೆಸಲು ಹೋದವರಿಗೆಲ್ಲ ‘ಸರ್ವರ್ ಬಿಜಿ’ ಎಂಬ ಮಾತು ಪರಿಚಯ. ನಮ್ಮ ಮನೆಯಲ್ಲಿ ಉರ್ದು ಮಾತಾಡಿದರೂ ಈ ಎರಡು ಶಬ್ದ ದಾದಿಮಾಗೂ ಗೊತ್ತು. ಆಗ ಎಲ್ಲರೂ ಹೇಳುವುದು ಒಂದೇ: ದೊಡ್ಡ ಕಂಪ್ಯೂಟರ್ ತರಬೇಕು. ನನ್ನ ಅಭಿಪ್ರಾಯ ಬೇರೆ. ಇರುವ ವರ್ಕರ್‌ಗಳನ್ನು ಯಾವ ಕೆಲಸಕ್ಕೆ, ಯಾವ ಹೊತ್ತಿಗೆ ಹಚ್ಚುತ್ತೇವೆ ಎಂಬುದನ್ನು ಮೊದಲು ನೋಡಬೇಕು.

ಈ ವರ್ಕರ್‌ಗಳು ಮನುಷ್ಯರಲ್ಲ. ದೊಡ್ಡ ಪ್ರಶ್ನೆ ಬಂದಾಗ ಡೇಟಾಬೇಸು ತನ್ನ ಟೇಬಲ್ಲನ್ನು ತುಂಡು ಮಾಡಿ ಹಲವು ವರ್ಕರ್‌ಗಳಿಗೆ ಹಂಚಿ ಒಂದೇ ವೇಳೆಗೆ ಓದಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇವು ಥ್ರೆಡ್‌ಗಳು, ಪೋಸ್ಟ್‌ಗ್ರೆಸ್‌ನಲ್ಲಿ ಪ್ರತ್ಯೇಕ ಪ್ರೊಸೆಸ್‌ಗಳು. ಕೊನೆಗೆ ಒಂದು ಕಡೆ ಎಲ್ಲವನ್ನೂ ಕೂಡಿಸಬೇಕು.

ಕೂಡಿಸುವುದರಲ್ಲೇ ನಮ್ಮ ಕಾಮರ್ಸ್ ಇದೆ. ಇಂಡಿ ಲಿಂಬೆಯ ಸರಾಸರಿ ದರ ಬೇಕು ಅನ್ನಿ. ಒಂದು ವರ್ಕರ್ ಪಾಲಿಗೆ 400 ರೂಪಾಯಿ ಸರಾಸರಿಯ 10 ಚೀಲ, ಇನ್ನೊಂದಕ್ಕೆ 600 ಸರಾಸರಿಯ 30 ಚೀಲ. ಎರಡೂ ಸರಾಸರಿ ಕೂಡಿಸಿ ಅರ್ಧ ಮಾಡಿದರೆ 500 ಬರುತ್ತದೆ, ಅದು ತಪ್ಪು. ಒಟ್ಟು 22,000ವನ್ನು 40ರಿಂದ ಭಾಗಿಸಿದರೆ 550. ಅದಕ್ಕೇ ವರ್ಕರ್ ತನ್ನ ಸರಾಸರಿಯನ್ನು ಕಳಿಸುವುದಿಲ್ಲ. ಮೊತ್ತ, ಸಂಖ್ಯೆ ಎರಡನ್ನೂ ಕಳಿಸುತ್ತದೆ. ಸೈನ್ಸ್‌ನವರು ಸಿಟ್ಟಾದರೂ ಸರಿ, ಇದು ನಮಗೇ ಬೇಗ ತಿಳಿಯುತ್ತದೆ.

ಆದರೆ ವರ್ಕರ್‌ಗಳನ್ನು ಎಬ್ಬಿಸಲಿಕ್ಕೂ ಕೂಡಿಸಲಿಕ್ಕೂ ಸಮಯ ಹಿಡಿಯುತ್ತದೆ. ಇಂಡೆಕ್ಸ್ ಇದ್ದರೆ ಒಂದು ಸರ್ವೆ ನಂಬರ್ ಹುಡುಕಲು ಒಂದೇ ಸಾಕು. ಪೋಸ್ಟ್‌ಗ್ರೆಸ್ 2016ರಲ್ಲಿ ಈ ಪದ್ಧತಿ ತಂದಿತು. ನಾವು ಬದಲಿಸದಿದ್ದರೆ ಇವತ್ತಿಗೂ ಒಂದು ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ವರ್ಕರ್ ಕೊಡುತ್ತದೆ, ಎಲ್ಲ ಪ್ರಶ್ನೆಗಳಿಗೂ ಸೇರಿ ಎಂಟು. ನಾಲ್ಕು ದೊಡ್ಡ ವರದಿ ಒಮ್ಮೆಲೇ ಓಡಿದರೆ ಎಂಟೂ ಮುಗಿದವು. ಪ್ರೊಸೆಸರ್, ಡಿಸ್ಕ್ ಕೂಡ ಅವಕ್ಕೇ ದುಡಿಯುತ್ತಿರುತ್ತವೆ.

ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅಷ್ಟು ದೊಡ್ಡ ದಾಖಲೆಯಲ್ಲಿ ಲಿಂಬೆ ಒಟ್ಟು ಎಷ್ಟು ಎಕರೆ ಎಂದು ಕೇಳಿದರೆ ಹಲವು ವರ್ಕರ್ ಬೇಕು, ಒಪ್ಪುತ್ತೇನೆ. ಆದರೆ ಯಾವ ಕಚೇರಿಯೇ ಇರಲಿ, ಅಂಥ ಪ್ರಶ್ನೆಯನ್ನು ಮಧ್ಯಾಹ್ನ 12ಕ್ಕೆ ಕೇಳಬಾರದು. ಆ ಹೊತ್ತಿಗೆ ಕೌಂಟರ್ ಮುಂದೆ ಒಂದು ದಿನದ ಕೂಲಿ ಬಿಟ್ಟು ಬಂದವರಿರುತ್ತಾರೆ. ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ಪ್ರಮಾಣಪತ್ರ ಬೇಕಿರುತ್ತದೆ, ಊರಿನ ಬಸ್ಸೂ ಹಿಡಿಯಬೇಕಿರುತ್ತದೆ. ವರದಿ ರಾತ್ರಿ ಓಡಲಿ. ಸಾಹೇಬರಿಗೆ ಬೆಳಿಗ್ಗೆ ಸಿಕ್ಕರೆ ಏನೂ ಕೆಡುವುದಿಲ್ಲ.

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಎಸ್‌ಕ್ಯೂಎಲ್ ಇದೆ, ಸಮ್, ಎವಿಜಿ ಬರೆಯುತ್ತೇವೆ. ನಾಳೆ ಆ ಕೌಂಟರಿನ ಒಳಗೆ ಕೂಡುವವರು ನಮ್ಮಲ್ಲೇ ಕೆಲವರು ಇರುತ್ತಾರೆ. ಲ್ಯಾಬಿನ ಒಂದು ಪಿರಿಯಡ್‌ನಲ್ಲಿ ‘ಎಕ್ಸ್‌ಪ್ಲೇನ್ ಅನಲೈಜ್’ ಬರೆಸಿ, ಯಾವ ಪ್ರಶ್ನೆಗೆ ಎಷ್ಟು ವರ್ಕರ್ ಬಂದವು, ಎಷ್ಟು ಹೊತ್ತಾಯಿತು ಎಂದು ನಮಗೂ ತೋರಿಸಬೇಕೆಂದು ಸರ್ ಅವರನ್ನು ಕೇಳುತ್ತೇನೆ.