ನಿಷ್ಠೆ ಬದಲಿಸಿದವರು ಯಾರು?

ಮತದಾರನಿಗೆ ನಿಷ್ಠೆಯಿಲ್ಲ ಎಂಬ ದೂರು ಪ್ರತಿ ಚುನಾವಣೆಯ ನಂತರವೂ ಸೋತವರಿಂದ ಕೇಳಿಬರುತ್ತದೆ. ಕರ್ನಾಟಕದ ಕಳೆದ ನಾಲ್ಕು ದಶಕಗಳನ್ನು ತಿರುಗಿ ನೋಡಿದರೆ ಈ ದೂರಿನಲ್ಲಿ ಹುರುಳಿಲ್ಲ.

1984ರ ಡಿಸೆಂಬರ್‌ನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ವಿಧಾನಸಭೆಗೆ ಹೊಸ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ದೆಹಲಿಗೆ ಯಾರು, ವಿಧಾನಸೌಧಕ್ಕೆ ಯಾರು ಎಂದು ಬೇರೆಬೇರೆಯಾಗಿ ತೂಗಿ ನೋಡಿದ ವಿವೇಚನೆ ಅದು. 1989ರಲ್ಲಿ ವಿಧಾನಸಭೆಯ 178 ಸ್ಥಾನ ಪಡೆದ ಕಾಂಗ್ರೆಸ್, ಮರುವರ್ಷವೇ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಕೆಳಗಿಳಿಸಿತು. ಅವರ ಸಮುದಾಯವಾದ ಲಿಂಗಾಯತ ಮತದಾರರಲ್ಲಿ ಹಲವರು ದೂರ ಸರಿದರು. 1994ರಲ್ಲಿ ಪಕ್ಷ 34ಕ್ಕೆ ಕುಸಿಯಿತು. ಆ ವರ್ಷ 115 ಸ್ಥಾನ ಗೆದ್ದ ಜನತಾ ದಳ 1999ರಲ್ಲಿ ಒಡೆಯಿತು. ಅದರಿಂದ ಹುಟ್ಟಿದ ಜೆಡಿಎಸ್ 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ಮಾಡಿತು. 2023ರಲ್ಲಿ ಎನ್‌ಡಿಎ ಸೇರಿತು.

ಪಕ್ಷಗಳ ಈ ಹೊರಳಾಟದ ಹೊರೆ ಬಿದ್ದದ್ದು ಕಾರ್ಯಕರ್ತರ ಮೇಲೆ. ಮಂಡ್ಯ ಜಿಲ್ಲೆಯನ್ನೇ ನೋಡಿ. 2018ರಲ್ಲಿ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರ ಜೆಡಿಎಸ್‌ನದು. ಮರುವರ್ಷದ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಮೇಲಿನವರು ಮೈತ್ರಿ ಮಾಡಿಕೊಂಡು, ಹಳ್ಳಿಹಳ್ಳಿಯಲ್ಲಿ ಎದುರಾಳಿಗಳಾಗಿ ಬೆಳೆದವರಿಗೆ ಒಂದಾಗಿ ಎಂದರು. ಅವರು ಒಂದಾಗಲಿಲ್ಲ. ಕಾಂಗ್ರೆಸ್ ಬಾವುಟ ಹಿಡಿದವರು, ಹಸಿರು ಶಾಲಿನ ರೈತರು, ಬಿಜೆಪಿಯವರು ಪಕ್ಷೇತರ ಅಭ್ಯರ್ಥಿ ಸುಮಲತಾ ಪರ ಒಟ್ಟಿಗೆ ನಡೆದರು. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. 2023ರಲ್ಲಿ ಜಿಲ್ಲೆಯ ಐದು ಕ್ಷೇತ್ರಗಳು ಕಾಂಗ್ರೆಸ್‌ಗೆ ಹೋದವು. 2024ರಲ್ಲಿ ಬಿಜೆಪಿ ಬೆಂಬಲದೊಂದಿಗೆ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದರು.

ಈ ಏರಿಳಿತದಲ್ಲಿ ಜಾತಿಯೂ ಇದೆ, ಹಣವೂ ಇದೆ, ಅಭಿಮಾನವೂ ಇದೆ. ಆದರೆ ಅವು ಹಿಂದೆಯೂ ಇದ್ದವು. ಬದಲಾದದ್ದು ಪಕ್ಷಕ್ಕೂ ಬೆಂಬಲಿಗನಿಗೂ ನಡುವಿನ ನಂಟು. ಸಮಾಜವಾದದ ಭಾಷಣ ಕೇಳಿ, ಸ್ವಂತ ಖರ್ಚಿನಲ್ಲಿ ಗೋಡೆಬರಹ ಬರೆದು ಪಕ್ಷ ಕಟ್ಟಿದವನಿಗೆ ಈಗ ಮೈತ್ರಿಯ ಸುದ್ದಿ ತಿಳಿಯುವುದು ಟಿ.ವಿ.ಯಿಂದ. ಟಿಕೆಟ್ ಯಾರಿಗೆಂದು ಅವನನ್ನು ಯಾರೂ ಕೇಳುವುದಿಲ್ಲ. ಸಿದ್ಧಾಂತವನ್ನು ನಾಯಕರೇ ಕೈಬಿಟ್ಟ ಮೇಲೆ ಅವನಿಗೆ ಉಳಿಯುವುದು ವ್ಯಕ್ತಿನಿಷ್ಠೆ ಇಲ್ಲವೇ ಜಾತಿನಿಷ್ಠೆ. ಪ್ರಜಾಪ್ರಭುತ್ವಕ್ಕೆ ಇದು ದೊಡ್ಡ ನಷ್ಟ.

ನಿಷ್ಠೆ ಬೇಕೆನ್ನುವ ಪಕ್ಷಗಳು ಮೊದಲು ಆಂತರಿಕ ಚುನಾವಣೆಯನ್ನು ಪ್ರಾಮಾಣಿಕವಾಗಿ ನಡೆಸಲಿ. ಮೈತ್ರಿಗೆ ಮುನ್ನ ತಾಲ್ಲೂಕು ಮಟ್ಟದಲ್ಲಿ ಸಭೆ ಕರೆದು ಕಾರ್ಯಕರ್ತರ ಅಭಿಪ್ರಾಯ ಕೇಳಲಿ. ಗೆದ್ದ ಪಕ್ಷ ಬಿಡುವ ಶಾಸಕನಿಗೆ ಮರುದಿನವೇ ಟಿಕೆಟ್ ಕೊಡುವುದನ್ನು ನಿಲ್ಲಿಸಲಿ. ಅಲ್ಲಿಯವರೆಗೆ ಮತದಾರನನ್ನು ದೂರುವ ಹಕ್ಕು ಅವಕ್ಕಿಲ್ಲ.