ಶಾರ್ಕ್ ಓಡಿಸುವ ಮದ್ದಿನಿಂದ ಆಮ್ಲೆಟ್‌ವರೆಗೆ

1962ರಲ್ಲಿ ಅಮೆರಿಕದ ಬಾಸ್ಟನ್ ಟೆಲಿವಿಷನ್ ಕೇಂದ್ರದಲ್ಲಿ ಪುಸ್ತಕಗಳ ಕುರಿತ ಒಂದು ಕಾರ್ಯಕ್ರಮ ನಡೆದಿತ್ತು. ಅತಿಥಿಯಾಗಿ ಬಂದ ಲೇಖಕಿ ಜೊತೆಗೆ ಒಂದು ವಿದ್ಯುತ್ ಒಲೆ, ಬಾಣಲೆ ಮತ್ತು ಮೊಟ್ಟೆಗಳನ್ನೂ ತಂದಿದ್ದರು. ಮಾತನಾಡುತ್ತಲೇ ಆಮ್ಲೆಟ್ ಮಾಡಿ ತೋರಿಸಿದರು. ಇವರನ್ನು ಮತ್ತೆ ಕರೆಸಿ ಎಂದು ವೀಕ್ಷಕರು ಪತ್ರ ಬರೆದರು. ಮರುವರ್ಷ ಫೆಬ್ರವರಿಯಲ್ಲಿ ‘ದಿ ಫ್ರೆಂಚ್ ಷೆಫ್’ ಕಾರ್ಯಕ್ರಮ ಆರಂಭವಾಯಿತು. ಹತ್ತು ವರ್ಷ ನಡೆಯಿತು. ಆ ಲೇಖಕಿ ಜೂಲಿಯಾ ಚೈಲ್ಡ್. ಆಗ ಆಕೆಗೆ ಐವತ್ತು ವರ್ಷ.

ಹಾಗಾದರೆ ಅದುವರೆಗೆ ಆಕೆ ಏನು ಮಾಡುತ್ತಿದ್ದರು? ಮಕ್ಕಳ ಮುಂದಿನ ದಾರಿ ಪಿ.ಯು.ಸಿ. ಅಂಕಪಟ್ಟಿಯಲ್ಲೇ ತೀರ್ಮಾನವಾಗಿಬಿಡುತ್ತದೆ ಎಂದುಕೊಂಡ ಪಾಲಕರು ಈ ಪ್ರಶ್ನೆ ಕೇಳಲೇಬೇಕು.

ಜೂಲಿಯಾ ಹುಟ್ಟಿದ್ದು 1912ರ ಆಗಸ್ಟ್ 15ರಂದು, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ. ಮನೆಯಲ್ಲಿ ಅಡುಗೆಯವರಿದ್ದರು, ಹುಡುಗಿ ಸೌಟು ಹಿಡಿಯಲಿಲ್ಲ. ಓದಿದ್ದು ಇತಿಹಾಸ. ನಂತರ ನ್ಯೂಯಾರ್ಕಿನ ಪೀಠೋಪಕರಣದ ಅಂಗಡಿಯೊಂದಕ್ಕೆ ಜಾಹೀರಾತು ಬರೆಯುವ ಕೆಲಸ. ಎರಡನೇ ಮಹಾಯುದ್ಧ ಬಂದಾಗ ಸೈನ್ಯದ ಮಹಿಳಾ ದಳ ಸೇರಲು ಹೋದರೆ ಎತ್ತರ ಅಡ್ಡಬಂತು: ಆರಡಿ ಎರಡಂಗುಲ! ಕೊನೆಗೆ ಗುಪ್ತಚರ ಸಂಸ್ಥೆ ಓ.ಎಸ್.ಎಸ್.ನಲ್ಲಿ ಬೆರಳಚ್ಚು, ಕಡತಗಳ ಕೆಲಸ ಸಿಕ್ಕಿತು.

ಅಲ್ಲಿನ ಒಂದು ವಿಭಾಗ ಸಮುದ್ರಕ್ಕೆ ಬಿದ್ದ ಸೈನಿಕರನ್ನು ಶಾರ್ಕ್ ಮೀನುಗಳಿಂದ ಕಾಪಾಡುವ ಮದ್ದನ್ನು ಹುಡುಕುತ್ತಿತ್ತು. ಜೂಲಿಯಾ ಆ ತಂಡದಲ್ಲೂ ದುಡಿದರು. ನೂರಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಿದ ಮೇಲೆ ಆರಿಸಿದ್ದು ತಾಮ್ರದ ಅಸಿಟೇಟ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಹುಳಿ ತಾಗಿದ ತಾಮ್ರದ ಪಾತ್ರೆಗೆ ಹಸಿರು ಕಿಲುಬು ಕಟ್ಟುತ್ತದಲ್ಲ, ಅದರ ಹತ್ತಿರದ ನಂಟ. ಅದಕ್ಕೆ ಕಪ್ಪು ಬಣ್ಣ ಬೆರೆಸಿ ಬಿಲ್ಲೆ ಮಾಡಿದರು. (ಅದು ಶಾರ್ಕನ್ನು ನಿಜಕ್ಕೂ ಓಡಿಸುತ್ತಿತ್ತೇ ಎಂಬ ಅನುಮಾನ ಮುಂದೆ ಬಂತು, ಆ ಮಾತು ಬೇರೆ.) 1944ರಲ್ಲಿ ಸಿಂಹಳದ ಕ್ಯಾಂಡಿಗೆ ವರ್ಗವಾಯಿತು, ಅಲ್ಲಿಂದ ಚೀನಾಕ್ಕೆ. ಕ್ಯಾಂಡಿಯಲ್ಲೇ ಪಾಲ್ ಚೈಲ್ಡ್ ಪರಿಚಯವಾದದ್ದು, 1946ರಲ್ಲಿ ಮದುವೆ.

ಗಂಡನ ಸರ್ಕಾರಿ ಕೆಲಸದ ನಿಮಿತ್ತ 1948ರಲ್ಲಿ ಫ್ರಾನ್ಸಿಗೆ ಹೋದರು. ರುವಾನ್ ಪಟ್ಟಣದ ಹೋಟೆಲೊಂದರಲ್ಲಿ ಉಂಡ ಬೆಣ್ಣೆಯಲ್ಲಿ ಬೆಂದ ಮೀನಿನ ಊಟವೇ ಆಕೆಯನ್ನು ಪಾಕಶಾಲೆಯತ್ತ ಎಳೆಯಿತು. ಮರುವರ್ಷ ಪ್ಯಾರಿಸಿನ ‘ಕಾರ್ಡನ್ ಬ್ಲೂ’ ಶಾಲೆ ಸೇರಿದರು. 1951ರಲ್ಲಿ ಪರೀಕ್ಷೆಗೆ ಕುಳಿತು ಫೇಲಾದರು! ಕಾರಣ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ. ಕಷ್ಟದ ಅಡುಗೆಗಳನ್ನೆಲ್ಲ ಅರೆದು ಕುಡಿದಿದ್ದರು. ಪರೀಕ್ಷೆಯಲ್ಲಿ ಬಂದದ್ದು ಶಾಲೆಯ ಪುಟ್ಟ ಕೈಪಿಡಿಯಲ್ಲಿದ್ದ ಸರಳ ಅಡುಗೆ. ಕ್ಯಾರಮೆಲ್ ಕಸ್ಟರ್ಡಿಗೆ ಹಾಲೆಷ್ಟು, ಮೊಟ್ಟೆಯೆಷ್ಟು ಎಂಬ ಪ್ರಮಾಣವೇ ನೆನಪಾಗಲಿಲ್ಲ. ಸಿಟ್ಟಿನಿಂದ ಶಾಲೆಯ ಅಡುಗೆಮನೆಗೆ ಹೋಗಿ ಅದೇ ತಿಂಡಿಗಳನ್ನು ಸರಿಯಾಗಿ ಮಾಡಿ ತಾವೇ ತಿಂದರಂತೆ. ಎರಡನೇ ಸಲ ಪಾಸಾದರು.

ಇಲ್ಲಿಂದ ಮುಂದೆ ಹಳೆಯ ಕಚೇರಿಯ ಶಿಸ್ತು ಕೆಲಸಕ್ಕೆ ಬಂತು. ಇಬ್ಬರು ಫ್ರೆಂಚ್ ಗೆಳತಿಯರೊಂದಿಗೆ ಪುಸ್ತಕ ಬರೆಯುವಾಗ ಪ್ರತಿ ಪಾಕವನ್ನೂ ಮತ್ತೆ ಮತ್ತೆ ಮಾಡಿ ನೋಡಿ, ಫಲಿತಾಂಶವನ್ನು ಬೆರಳಚ್ಚು ಮಾಡಿ ಇಡುತ್ತಿದ್ದರು. ಚಳಿಯಲ್ಲಿ ಮೇಯನೇಸ್ ಒಡೆಯಿತೇ? ಉಷ್ಣತೆಯೇ ಕಾರಣವಿರಬೇಕು, ಪಾತ್ರೆ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡೋಣ. ಒಬ್ಬ ಪ್ರಕಾಶಕರು ತಿರಸ್ಕರಿಸಿದ ಆ ಪುಸ್ತಕ 1961ರಲ್ಲಿ ಬೇರೆಯವರಿಂದ ಹೊರಬಂತು. ಎರಡನೇ ಸಂಪುಟದಲ್ಲಿ ಫ್ರೆಂಚ್ ಬ್ರೆಡ್ ಒಂದಕ್ಕೇ 284 ಪೌಂಡ್ ಹಿಟ್ಟು ಖರ್ಚಾಯಿತು. ಬ್ರೆಡ್ಡಿನ ಹೊರಪದರ ಗರಿಗರಿಯಾಗಲು ಆರಂಭದಲ್ಲಿ ಹಬೆ ಬೇಕು. ಮನೆಯ ಓವನ್ನಿನಲ್ಲಿ ಹಬೆ ಎಲ್ಲಿಂದ? ಕಾದ ಇಟ್ಟಿಗೆಯನ್ನು ನೀರಿಗೆ ಇಳಿಸಿದರು! ಅಡಿಗೆ ಮಾತ್ರ ಕಲ್ನಾರಿನ ಹಾಸು ಇಟ್ಟಿದ್ದರು. ಕಲ್ನಾರು ಕ್ಯಾನ್ಸರ್ ತರುತ್ತದೆಂದು ತಿಳಿದಾಗ ಅದನ್ನು ತೆಗೆದು ಕೆಂಪು ಹೆಂಚಿನ ಬಿಲ್ಲೆ ಹಾಕಿದರು.

ಟೆಲಿವಿಷನ್ನಿನಲ್ಲೂ ತಪ್ಪು ಮುಚ್ಚಿಡಲಿಲ್ಲ. ಒಮ್ಮೆ ಆಲೂಗೆಡ್ಡೆಯ ದೋಸೆಯಂಥದ್ದನ್ನು ಮಗುಚುವಾಗ ಅರ್ಧ ಒಲೆಯ ಮೇಲೆ ಬಿತ್ತು. ಧೈರ್ಯವಾಗಿ ಮಗುಚಲಿಲ್ಲ, ಅದಕ್ಕೇ ಹೀಗಾಯಿತೆಂದು ಹೇಳಿ ಎತ್ತಿ ಬಾಣಲೆಗೆ ಹಾಕಿದರು. ಜನರ ಬಾಯಲ್ಲಿ ಅದು ನೆಲಕ್ಕೆ ಬಿದ್ದ ಕೋಳಿಯಾಗಿ ಬೆಳೆದದ್ದು ಬೇರೆ ಕಥೆ.

ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂಗಾಗಿ ಆಕೆ ಒಂದು ವಿಚಿತ್ರ ‘ಸಾರು’ ಕೂಡ ಮಾಡಿ ತೋರಿಸಿದರು. ಜೀವ ಹುಟ್ಟುವ ಮುನ್ನ ಭೂಮಿಯ ಮೇಲೆ ಇದ್ದಿರಬಹುದಾದ ರಾಸಾಯನಿಕಗಳ ಸಾರು ಅದು!

2004ರಲ್ಲಿ ಜೂಲಿಯಾ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮುಂಚೆಯೇ ತಮ್ಮ ಅಡುಗೆಮನೆಯನ್ನು ಇಡಿಯಾಗಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟಿದ್ದರು. ಅದರ ಕಟ್ಟೆ 38 ಅಂಗುಲ ಎತ್ತರ. ಸಾಮಾನ್ಯ ಕಟ್ಟೆಗಿಂತ ಎರಡಂಗುಲ ಹೆಚ್ಚು. ಹೆಂಡತಿಯ ಎತ್ತರಕ್ಕೆ ಸರಿಹೊಂದಲೆಂದು ಪಾಲ್ ಹಾಗೆ ಮಾಡಿಸಿದ್ದರು.